ಕೀಲೆಣ್ಣೆ

ಮಗಳ ನೆತ್ತಿಗೆ ಹರಳೆಣ್ಣೆ ತಟ್ಟುವಾಗಲೆಲ್ಲ ನನಗೆ ಎಲ್ಲಿಗೋ ಹೊರಡಬೇಕು ಅನ್ನಿಸುತ್ತದೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು. ನನ್ನದು ಚಿಕ್ಕಲಸಂದ್ರದ ನಮ್ಮ ಹಳೆಯ ಮನೆಯ ಜಗಲಿಗೆ ಕರೆದೊಯ್ದು ಕೂರಿಸುತ್ತದೆ. ನಾನಾಗ ನಾಲ್ಕನೇ ಕ್ಲಾಸು. ತಾತನ ರಾಗಿ ಹೊಲದ ಮೇಲೆ ಅಷ್ಟು ಹೊತ್ತಿಗೆ ಬಾಡಿಗೆ ಮನೆಗಳು ಎದ್ದಿದ್ದವು. ಎತ್ತು, ಗಾಡಿ ಎರಡೂ ಹೋಗಿದ್ದವು. ಆದರೂ ತಾತ ಬಾಡಿಗೆಯವರ ಸ್ಕೂಟರನ್ನು ಎತ್ತಿನ ಬೆನ್ನು ಸವರಿದ ಹಾಗೆ ಸವರಿಯೇ ಮುಂದೆ ಹೋಗುತ್ತಿದ್ದ.

ಆ ವರ್ಷ ಅಜ್ಜಿಯ ಹೃದಯ ಸೋತಿತ್ತು. ಬಾಗಿಲಿಗೆ ಬರುವಷ್ಟರಲ್ಲಿ ಏದುಸಿರು, ಕಾಲೆಲ್ಲ ಊತ. ಅವಳಿಗಿದ್ದದ್ದು ಒಂದೇ ಆಸೆ: ಸುಬ್ರಹ್ಮಣ್ಯಪುರದ ತವರಿನ ಅರಳಿಕಟ್ಟೆಗೆ ಇನ್ನೊಮ್ಮೆ ಹೋಗಿ ನಾಗರಕಲ್ಲಿಗೆ ಹಾಲೆರೆಯಬೇಕು. ವೀಲ್‌ಚೇರ್ ಎಂದರೆ ಮಾತ್ರ ಸಿಡಿಮಿಡಿ. "ಆಸ್ಪತ್ರೆ ಕುರ್ಚೀಲಿ ಕೂತು ತವರಿಗೆ ಹೋಗ್ಲಾ? ಹೋಗೋದೇ ಬೇಡ ಬಿಡಿ" ಎಂದು ಗೋಡೆ ಕಡೆ ತಿರುಗಿ ಮಲಗಿದಳು.

ತಾತ ಕೇಳಿಸದವನಂತೆ ನನ್ನನ್ನೂ ಚಿಕ್ಕಪ್ಪನನ್ನೂ ಕರೆದುಕೊಂಡು ಜಯನಗರದ ಅಂಗಡಿಗೆ ಹೊರಟ. ಅಂಗಡಿಯವನು ಸಣ್ಣ ಗಾಲಿಯ ಕುರ್ಚಿಯೊಂದನ್ನು ಬಿಡಿಸಿಟ್ಟು, "ಅಂಕಲ್, ಲೈಟ್‌ವೇಯ್ಟು, ಮಡಚಿ ಆಟೋಲಿ ಇಟ್ಕೋಬಹುದು" ಎಂದ. ತಾತ ಗಾಲಿ ಅಲುಗಾಡಿಸಿ ನೋಡಿದ. "ಆಸ್ಪತ್ರೆ ನೆಲಕ್ಕೆ ಸರಿ ಕಣಪ್ಪ. ನಮ್ ಬೀದಿ ಗುಂಡಿಗಿಳಿದ್ರೆ ಮಂಡಿಯೂರಿಬಿಡುತ್ತೆ." ಆಮೇಲೆ ದೊಡ್ಡ ಗಾಲಿಯದರ ಸುತ್ತ ನಿಧಾನವಾಗಿ ಬಂದ. ಸಂತೆಯಲ್ಲಿ ಎತ್ತು ಆರಿಸಿದವನಿಗೆ ಅವಸರವೆಲ್ಲಿ? ಕೊನೆಗೆ ತಾನೇ ಅದರಲ್ಲಿ ಕೂತು, "ಎಲ್ಲಿ, ಫುಟ್‌ಪಾತ್ ಮೇಲೆ ಓಡ್ಸು ನೋಡೋಣ" ಎಂದು ಚಿಕ್ಕಪ್ಪನಿಗೆ ಹೇಳಿದ. ಚಿಕ್ಕಪ್ಪ ನಾಚಿಕೆಯಿಂದ ತಲೆ ತಗ್ಗಿಸಿ ತಳ್ಳಿದರೆ, ಕಿತ್ತೆದ್ದ ಚಪ್ಪಡಿಗಳ ಮೇಲೆ ತಾತ ಮದುವಣಿಗನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗಿಬಂದ. "ಇದೇ ಇರ್ಲಿ. ಎತ್ತೆತ್ತಿ ಹಾಕಲ್ಲ."

ಸಂಜೆ ಜಗಲಿಯಲ್ಲಿ ಹೊಸ ಕುರ್ಚಿ ಕಿರುಗುಟ್ಟಿತು. ಚಿಕ್ಕಪ್ಪ ಗ್ರೀಸ್ ತರುವುದರೊಳಗೆ ತಾತ ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಗಾಲಿಯ ಅಚ್ಚಿಗೆ ಬಳಿದಾಗಿತ್ತು. ಗಾಡಿಯ ಕಾಲದ ಕೀಲೆಣ್ಣೆ. ಹೊಳೆಯುವ ಸ್ಟೀಲಿಗೆಲ್ಲ ಮಸಿ ಮೆತ್ತಿ ಚಿಕ್ಕಪ್ಪ ತಲೆ ಚಚ್ಚಿಕೊಂಡ. ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ ಬಂತು: "ಏನು, ಗಾಡಿ ಕಟ್ತಾ ಇದೀರಾ?" ಅವಳ ಹರೆಯದಲ್ಲಿ ಸಂಜೆ ಕೀಲೆಣ್ಣೆ ವಾಸನೆ ಬಂದರೆ ಬೆಳಿಗ್ಗೆ ತವರಿಗೆ ಪಯಣ ಎಂದು ಅರ್ಥವಂತೆ. ತಾತ ಅದನ್ನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ, ಎಣ್ಣೆ ಬಳಿಯುತ್ತಿದ್ದ, ಅಷ್ಟೇ. ಈಗಲೂ ತಲೆ ಎತ್ತದೆ, "ಹೂಂ ಕಣೇ, ಬೆಳಿಗ್ಗೆ ಬೇಗ ಎದ್ದೇಳು" ಎಂದ. ಒಳಗೆ ಮಗ್ಗುಲು ಬದಲಿಸಿದ ಸದ್ದು. "ಹಂಗಾದ್ರೆ ನಿಂಬೆಹಣ್ಣು ತರ್ಸಿ. ಹೊಸಾ ಗಾಡಿ, ಪೂಜೆ ಆಗ್ದೆ ನಾ ಹತ್ತಲ್ಲ" ಎಂದಳು ಅಜ್ಜಿ.

ಬೆಳಿಗ್ಗೆ ಗಾಲಿಯಡಿ ನಿಂಬೆಹಣ್ಣು ಪಚಕ್ಕೆಂದಿತು, ಗಾಡಿ ಹೊರಟಿತು. ಗಾಡಿಯಿರುವಾಗ ಆಟೋ ಯಾಕೆ ಎಂದು ಅಜ್ಜಿಯದೇ ಹಟ. ಗುಂಡಿ ಬಂದಾಗಲೆಲ್ಲ ತಾತ "ಹೋ, ಹೋ" ಎಂದು ಚಿಕ್ಕಪ್ಪನನ್ನು ನಿಧಾನಿಸಿದರೆ ಅವಳಿಗೆ ಉಸಿರು ಸಿಕ್ಕಿಕೊಳ್ಳುವಷ್ಟು ನಗು. ಮಡಿಲಲ್ಲಿ ಹಾಲಿನ ಚೊಂಬು ಹಿಡಿದು, ದಾರಿಯಲ್ಲಿ ಸಿಕ್ಕವರಿಗೆಲ್ಲ ತಾನೇ ಕೂಗಿ ಹೇಳಿದಳು: "ತವರಿಗೆ ಹೊರಟೆ ಕಣ್ರೇ!"

ಅಂದು ನಾಗರಕಲ್ಲಿಗೆ ಹಾಲೆರೆದು ಬಂದವಳು ಮುಂದಿನ ಯುಗಾದಿಯನ್ನು ನೋಡಲಿಲ್ಲ. ಕುರ್ಚಿ ಜಗಲಿಯಲ್ಲೇ ಉಳಿಯಿತು. ಆಗಾಗ ಸಂಜೆ ಮನೆಯೆಲ್ಲ ಕೀಲೆಣ್ಣೆಯ ವಾಸನೆ. "ಯಾರಿಗೆ ತಾತ?" ಎಂದರೆ, "ಸುಮ್ನೆ ಬಿಟ್ರೆ ತುಕ್ಕು ಹಿಡಿಯುತ್ತೆ ಕಣವ್ವ" ಅನ್ನುತ್ತಿದ್ದ. ಈಗ ತಾತನೂ ಇಲ್ಲ, ಜಗಲಿಯೂ ಇಲ್ಲ. ಮಗಳನ್ನು ಮಲಗಿಸಿ ಅಂಗೈ ಮೂಸಿದರೆ ಇಂದಿಗೂ ಬೆಳಿಗ್ಗೆ ಬೇಗ ಏಳಬೇಕು ಅನ್ನಿಸುತ್ತದೆ. ಏಳುತ್ತೇನೆ. ಗಾಡಿ ಕಟ್ಟುವವರಿಲ್ಲ.