ಕ್ಯಾಂಪ್: ಬಾಗಲಕೋಟೆ

ಕಳೆದ ಗುರುವಾರ ಸಾಲೆಯಿಂದ ಬಂದ ಮಗಳು ಗಿರಿಜಾ, ಹೆಗಲ ಮೇಲಿನ ಪಾಟಿಚೀಲವನ್ನೂ ಇಳಿಸದೆ ನನ್ನ ಕೈಗೊಂದು ಚೀಟಿ ಕೊಟ್ಟಳು. ಬೆಳಿಗ್ಗೆ ನಾನೇ ಬರೆದುಕೊಟ್ಟಿದ್ದ ರಜೆ ಚೀಟಿ. ಅವಳಿಗೆ ಕಲಿಸುವ ಅಕ್ಕೋರು ಅದನ್ನು ವಾಪಸ್ ಕಳಿಸಿದ್ದರು.

ಕನ್ನಡಕ ಏರಿಸಿಕೊಂಡು ನೋಡಿದೆ. ಮಗಳ ಹೆಸರಿದೆ. ಐದನೆಯ ಇಯತ್ತೆ ಎಂದಿದೆ. ಶುಕ್ರವಾರ, ಶನಿವಾರ ಎರಡು ದಿನ ರಜೆ ಬೇಕು ಎಂದಿದೆ. ಕೆಳಗೆ ನನ್ನ ಸಹಿಯೂ ಇದೆ. ಇನ್ನೇನು ಬೇಕಂತೆ ಇವರಿಗೆ? (ಸರ್ಕಾರಿ ನೌಕರನಿಗೆ ಸಿಟ್ಟು ಬರುವುದು ಇನ್ನೊಬ್ಬ ಸರ್ಕಾರಿ ನೌಕರನ ಮೇಲೆಯೇ.) ಆಮೇಲೆ ಬಲಗಡೆಯ ಮೇಲಿನ ಮೂಲೆ ಕಂಡಿತು. ಅಲ್ಲಿ ನನ್ನದೇ ಅಕ್ಷರದಲ್ಲಿ ‘ಕ್ಯಾಂಪ್: ಬಾಗಲಕೋಟೆ’ ಎಂದಿತ್ತು. ಅಕ್ಕೋರು ಅದರ ಸುತ್ತ ಕೆಂಪು ಪೆನ್ಸಿಲ್ಲಿನಿಂದ ಒಂದು ದುಂಡು ಹಾಕಿದ್ದರು.

ನಿಮ್ಮಲ್ಲಿ ತಿರುಗಾಟದ ನೌಕರಿಯವರು ಯಾರಾದರೂ ಇದ್ದರೆ ಇಷ್ಟೊತ್ತಿಗೆ ನಕ್ಕಿರುತ್ತೀರಿ. ಉಳಿದವರಿಗೆ ಬಿಡಿಸಿ ಹೇಳಬೇಕು. ನಾವು ಟೂರಿನ ಮೇಲಿದ್ದಾಗ ಬರೆಯುವ ಪ್ರತಿ ಕಾಗದದ ಮೂಲೆಯಲ್ಲಿ ‘ಕ್ಯಾಂಪ್’ ಎಂದು ಬರೆದು ಆ ಊರಿನ ಹೆಸರು ಹಾಕಬೇಕು. ಕ್ಯಾಂಪ್: ಹುನಗುಂದ. ಕ್ಯಾಂಪ್: ಇಳಕಲ್ಲು. ಕ್ಯಾಂಪ್: ಮರೋಳ. ಅಂದರೆ ಈ ಮನುಷ್ಯ ಈ ಊರಿನವನಲ್ಲ, ಇವತ್ತು ಇದ್ದಾನೆ, ನಾಳೆ ಇರುವುದಿಲ್ಲ ಎಂದು ಅರ್ಥ. ಸ್ವಂತ ಮನೆಯಲ್ಲಿ ಚಹಾ ಕುಡಿಯುತ್ತ ಕೂತು, ಸ್ವಂತ ಮಗಳ ರಜೆ ಚೀಟಿಯ ಮೇಲೆ ಯಾರಾದರೂ ಹಾಗೆ ಬರೆಯುತ್ತಾರೆಯೇ? ಹದಿನಾಲ್ಕು ವರ್ಷದ ರೂಢಿ. ಕೈ ತಾನಾಗಿಯೇ ಬರೆದುಬಿಟ್ಟಿದೆ.

“ಅಕ್ಕೋರು ಏನಂದ್ರು?” ಎಂದು ಕೇಳಿದೆ.

“ನಿಮ್ಮಪ್ಪಾರು ನಿಮ್ಮ ಜೋಡಿ ಇರಂಗಿಲ್ಲೇನು ಅಂತ ಕೇಳಿದ್ರು.”

“ನೀ ಏನಂದಿ?”

“ಬಂದಾಗ ಇರ್ತಾರ್ರಿ ಅಂದೆ.”

ಸುಳ್ಳೇನಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಶಾರದಾ (ನನ್ನ ಹೆಂಡತಿ) ಹಿಟ್ಟಿನ ಕೈ ಒರೆಸಿಕೊಂಡು ಹೊರಗೆ ಬಂದಳು, ಚೀಟಿ ಓದಿದಳು. ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ, ಮಗಳ ವಹಿಯಿಂದ ಒಂದು ಹಾಳೆ ಹರಿದು, ತಾನೇ ಬೇರೆ ಚೀಟಿ ಬರೆದು ತಾನೇ ಸಹಿ ಮಾಡಿದಳು. ಏನಾದರೂ ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ದನದ ಡಾಕ್ಟರು ಎಂಬುದು ಪ್ರತಿ ವಾರ ಈ ಅಂಕಣ ಓದುವ ನಿಮಗೆ ಗೊತ್ತು. ಹೆಡ್‌ಕ್ವಾರ್ಟರ್ ಬಾಗಲಕೋಟೆ ಎಂದು ಕಾಗದದಲ್ಲಿದೆ. ನಾನಿರುವುದು ಮಾತ್ರ ಬಸ್ಸಿನಲ್ಲಿ, ಜೀಪಿನಲ್ಲಿ, ಜೀಪು ಕೆಟ್ಟಾಗ ಯಾರದೋ ಚಕ್ಕಡಿಯಲ್ಲಿ. ಹೋದಲ್ಲೆಲ್ಲ ಜನ ಒಂದೇ ಪ್ರಶ್ನೆ ಕೇಳುತ್ತಾರೆ: “ಡಾಕ್ಟ್ರ, ನಿಮ್ಮ ಮನ್ಯಾಗ ಏನೇನ್ ಸಾಕೀರಿ?” ದನದ ಡಾಕ್ಟರನ ಮನೆಯೆಂದರೆ ಹಿತ್ತಲ ತುಂಬ ಹಸು, ಎಮ್ಮೆ, ಆಡು ಇರಬೇಕೆಂದು ಅವರ ಎಣಿಕೆ. ಇದ್ದದ್ದು ಒಂದು ನಾಯಿ. ಅದೂ ಐದು ತಿಂಗಳಿಂದ ಮನೆಯಲ್ಲಿರಲಿಲ್ಲ. ಆ ಎರಡು ದಿನದ ರಜೆ ಅದನ್ನು ಕರೆತರುವುದಕ್ಕಾಗಿಯೇ.

ನಾಯಿಯ ಹೆಸರು ಮೋತಿ. ಮೂರು ವರ್ಷದ ಹಿಂದೆ ಹುನಗುಂದದ ರೈತರೊಬ್ಬರು ಕೊಟ್ಟ ಕಂದು ಬಣ್ಣದ ಮರಿ. ಮಗಳ ಮಡಿಲಿಗೆ ಅದನ್ನು ಹಾಕುವಾಗ, “ನಾ ಇಲ್ಲದಾಗ ಇದು ನಿನ್ನ ಜೋಡಿ ಇರ್ತೈತಿ” ಅಂದಿದ್ದೆ. ಯಾರಾದರೂ ರಜೆಯ ಮೇಲೆ ಹೋಗುವಾಗ ಇನ್ನೊಬ್ಬರಿಗೆ ಚಾರ್ಜ್ ವಹಿಸಿಕೊಡುವುದು ನಮ್ಮ ಇಲಾಖೆಯ ಪದ್ಧತಿ. ನಾನು ಮನೆಯ ಚಾರ್ಜನ್ನು ನಾಯಿಗೆ ಕೊಟ್ಟಿದ್ದೆ ಅನ್ನಿ. ಅದು ಚೆನ್ನಾಗಿಯೇ ನಿಭಾಯಿಸಿತು. ಒಂದೇ ಒಂದು ತಕರಾರು: ನಾನು ಗೂಟದಿಂದ ಖಾಕಿ ಬ್ಯಾಗು ಇಳಿಸಿದರೆ ಸಾಕು, ಮಂಚದ ಕೆಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗುತ್ತಿತ್ತು. ಕರೆದರೂ ಬರುತ್ತಿರಲಿಲ್ಲ. ಮನೆಯಲ್ಲಿ ಉಳಿದಿಬ್ಬರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಅದು ಮಾಡಿ ತೋರಿಸುತ್ತಿತ್ತು.

ಕಳೆದ ದೀಪಾವಳಿಗೆ ಮೂವರೂ ಇಳಕಲ್ಲಿಗೆ, ಶಾರದಾಳ ತವರಿಗೆ ಹೋಗುವುದೆಂದು ಠರಾವಾಗಿತ್ತು. ಹಬ್ಬದ ಹಿಂದಿನ ದಿನ ಟ್ರಂಕ್ ಕಾಲ್ ಬಂತು. ರಾಮಥಾಳದ ಕಡೆ ಕುರಿಗಳು ದಿಢೀರನೆ ಬಿದ್ದು ಸಾಯುತ್ತಿವೆ, ಲಸಿಕೆ ತಗೊಂಡು ಹೊರಡಿ ಎಂದು. ತಾಯಿ-ಮಗಳು ಬಸ್ಸು ಹತ್ತಿದರು. ಮೋತಿಯನ್ನು ಕರೆದೊಯ್ಯುವಂತಿಲ್ಲ, ತವರಿನದು ಮಗ್ಗದ ಮನೆ, ರೇಷ್ಮೆ ನೂಲಿನ ನಡುವೆ ನಾಯಿ ಓಡಾಡಿದರೆ ಮುಗಿಯಿತು. ನಾನು ಅದನ್ನು ಜೀಪಿಗೆ ಹಾಕಿಕೊಂಡು ಹೊರಟೆ. ಮರೋಳದ ಹತ್ತಿರ ಮಾಳಪ್ಪನ ಹಿಂಡು ಸಿಕ್ಕಿತು. ಮಾಳಪ್ಪ ಕುರಿಗಾರ, ಬೀರಪ್ಪ ದೇವರ ಒಕ್ಕಲು. ವರ್ಷವಿಡೀ ಹಿಂಡಿನೊಂದಿಗೆ ಊರೂರು ತಿರುಗುವವನು. ನನಗೆ ಹಳೆಯ ಗುರುತು.

“ಎಂಟು ದಿನ ಇಟ್ಕೋ ಮಾಳಪ್ಪ, ಹಬ್ಬ ಮುಗಿದ ಮ್ಯಾಲ ಬಂದು ಒಯ್ತೇನಿ” ಅಂದೆ.

“ಆತ್ರಿ ಸಾಹೇಬ್ರ. ಮೂರು ನಾಯಿ ಅದಾವ, ಇದು ನಾಕನೇದು” ಎಂದು ಇಟ್ಟುಕೊಂಡ.

ಆ ಹಬ್ಬವನ್ನು ರಾಮಥಾಳದಲ್ಲಿ ಯಾರದೋ ಕಟ್ಟೆಯ ಮೇಲೆ ಕಳೆದೆ. ಮನೆಯವರು ಹೋಳಿಗೆ ಬಡಿಸಿದರು. ಅವರ ಹೆಣ್ಣುಮಕ್ಕಳು ಆರತಿ ಮಾಡುವುದನ್ನು ದೂರ ಕೂತು ನೋಡಿದೆ. ಕುರಿಗಳು ಬಹಳಷ್ಟು ಉಳಿದವು. ಅದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಎಂಟು ದಿನ ಹದಿನೈದಾಯಿತು, ತಿಂಗಳಾಯಿತು. ನನಗೆ ಬಿಡುವಾದಾಗ ಹಿಂಡು ಬೇರೆ ಕಡೆ, ಹಿಂಡು ಹತ್ತಿರ ಬಂದಾಗ ನಾನು ಬೇರೆ ಕಡೆ. “ಮೋತಿ ಯಾವಾಗ ಬರ್ತೈತಿ?” ಎಂದು ಗಿರಿಜಾ ಪ್ರತಿ ರವಿವಾರ ಕೇಳುವಳು. “ಬರೋ ವಾರ” ಎಂದು ಪ್ರತಿ ರವಿವಾರ ನಾನು ಹೇಳುವೆ. ಸಂಕ್ರಮಣದ ನಂತರ ಅವಳು ಕೇಳುವುದನ್ನೇ ಬಿಟ್ಟಳು. ಕೇಳುತ್ತಿದ್ದಾಗ ಕಿರಿಕಿರಿಯಾಗುತ್ತಿತ್ತು. ಬಿಟ್ಟ ಮೇಲೆ ಹೆದರಿಕೆಯಾಯಿತು.

ಅಂಥದರಲ್ಲಿ ಬಾದಾಮಿ ದವಾಖಾನೆಯ ಕಂಪೌಂಡರ್ ಮಾಳಪ್ಪನ ಮಾತು ತಲುಪಿಸಿದ: ಹಿಂಡು ಶಿವಯೋಗ ಮಂದಿರದ ಹತ್ತಿರ ಇದೆ, ಹೋಳಿ ಹುಣ್ಣಿಮೆಯಾದ ಮೇಲೆ ಹೊಳೆ ದಾಟಿ ದೂರ ಹೋಗುತ್ತದೆ, ನಾಯಿ ಬೇಕಿದ್ದರೆ ಅಷ್ಟರೊಳಗೆ ಬರಬೇಕು. ನಾನು ಅವತ್ತೇ ರಜೆ ಕೇಳಿದೆ. ಮೇಲಿನ ಸಾಹೇಬರು ಕಾರಣ ಏನೆಂದರು. ನಾಯಿ ಎನ್ನಲು ನಾಚಿಕೆಯಾಗಿ ‘ಮನೆಯ ಕೆಲಸ’ ಎಂದು ಬರೆದೆ. ಯೋಚಿಸಿ ನೋಡಿದರೆ ಹದಿನಾಲ್ಕು ವರ್ಷದಲ್ಲಿ ಹಾಗೆ ಬರೆದದ್ದು ಅದೇ ಮೊದಲು.

ಶುಕ್ರವಾರ ಬೆಳಿಗ್ಗೆ ಅಪ್ಪ-ಮಗಳು ಹೊರಟೆವು. ಅವಳ ಕೈಯಲ್ಲಿ ರೊಟ್ಟಿಯ ಗಂಟು, ನನ್ನ ಹೆಗಲಲ್ಲಿ ಖಾಕಿ ಬ್ಯಾಗು. (ಮಾಳಪ್ಪನ ಮರಿಗಳಿಗೆ ಜಂತಿನ ಔಷಧಿ. ಬರಿಗೈಯಲ್ಲಿ ಹೋಗಲು ನನಗೆ ಬರುವುದೇ ಇಲ್ಲ.) ಬಾದಾಮಿಯಲ್ಲಿ ಬಸ್ಸು ಬದಲಿಸುವಾಗ ಅವಳು ಗುಡ್ಡದ ಕಡೆ ಕೈ ಮಾಡಿ, “ಅಪ್ಪಾ, ಗವಿ ಎಲ್ಲಿ ಅದಾವ?” ಎಂದಳು. ನನಗೆ ಸರಿಯಾಗಿ ಹೇಳಲಾಗಲಿಲ್ಲ. ಬಾದಾಮಿಗೆ ನೂರು ಸಲವಾದರೂ ಬಂದಿದ್ದೇನೆ. ದವಾಖಾನೆ ಗೊತ್ತು, ಬಸ್‌ಸ್ಟ್ಯಾಂಡು ಗೊತ್ತು, ರಾತ್ರಿ ತಂಗುವ ಸರ್ಕಾರಿ ಬಂಗಲೆಯ (ಐ.ಬಿ.ಯ) ಸೊಳ್ಳೆಗಳು ಗೊತ್ತು. ಎಲ್ಲೆಲ್ಲಿಂದಲೋ ಜನ ಬಂದು ನೋಡುವ ಗವಿಗಳಿಗೆ ಮಗಳನ್ನು ಒಮ್ಮೆಯೂ ಕರೆತಂದಿಲ್ಲ. “ಇನ್ನೊಮ್ಮೆ ನೋಡೋಣು” ಅಂದೆ. ಅವಳು ತಲೆಯಾಡಿಸಿದಳು. ‘ಇನ್ನೊಮ್ಮೆ’ ಅಂದರೇನೆಂದು ಹತ್ತು ವರ್ಷದ ಹುಡುಗಿಗೆ ಅಷ್ಟು ಚೆನ್ನಾಗಿ ಗೊತ್ತಿರಬಾರದು.

ಶಿವಯೋಗ ಮಂದಿರದಲ್ಲಿ ಇಳಿದು ಮಲಪ್ರಭೆಯ ದಂಡೆ ಹಿಡಿದು ನಡೆದೆವು. ಕೊಯ್ಲು ಮುಗಿದ ಜೋಳದ ಹೊಲವೊಂದರಲ್ಲಿ ಹಿಂಡು ನಿಂತಿತ್ತು. ಗೊಬ್ಬರ ಬೀಳಲಿ ಎಂದು ರೈತರೇ ಕರೆದು ಕುರಿ ನಿಲ್ಲಿಸಿಕೊಳ್ಳುತ್ತಾರಲ್ಲ, ಹಾಗೆ. ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಾಳಪ್ಪನ ಮೊಮ್ಮಗುವನ್ನು ಮಲಗಿಸಿದ್ದರು. ಪಕ್ಕದಲ್ಲಿ ಸಾಮಾನು ಹೊರುವ ಸಣ್ಣ ಕುದುರೆ, ಬುಟ್ಟಿಯಡಿ ಕೋಳಿಗಳು. ಮಾಳಪ್ಪನ ಹೆಂಡತಿ ಯಲ್ಲವ್ವ ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದಳು.

ಮೊದಲು ನೋಡಿದ್ದು ಮೋತಿಯೇ. ಹಿಂಡಿನ ಅಂಚಿನಿಂದ ಬಾಣದಂತೆ ಬಂದು ಗಿರಿಜಾಳ ಮೇಲೆ ಹಾರಿ, ಅವಳನ್ನು ಕೆಳಗೆ ಕೆಡವಿ, ಮುಖ ಕೈ ಎಲ್ಲ ನೆಕ್ಕಿತು. ಆಮೇಲೆ ನನ್ನ ಕಡೆ ನೋಡಿತು. ನನ್ನ ಹೆಗಲು ನೋಡಿತು. ಬಾಲ ನಿಂತಿತು. ಮೆಲ್ಲಗೆ ತಿರುಗಿ ಹೋಗಿ, ಕುರಿಗಳ ಆಚೆ ನಮಗೆ ಬೆನ್ನು ಮಾಡಿ ಕೂತಿತು.

ಬ್ಯಾಗನ್ನು ಅದು ಮರೆತಿರಲಿಲ್ಲ.

ಮಾಳಪ್ಪ ಕಂಬಳಿ ಹಾಸಿ ಕೂಡಿಸಿದ. ಮಜ್ಜಿಗೆ ಬಂತು. ಪೆಚ್ಚಾದ ಮುಖ ಮುಚ್ಚಿಕೊಳ್ಳಲು ನಾನು ದೊಡ್ಡ ಮಾತು ತೆಗೆದೆ: “ನಿಂದೂ ನಂದೂ ಒಂದ ಹಣೇಬರಾ ನೋಡು ಮಾಳಪ್ಪ. ವರ್ಷಪೂರ್ತಿ ತಿರುಗಾಟ.”

ಯಲ್ಲವ್ವ ಒಲೆಯಿಂದ ತಲೆ ಎತ್ತದೆ ಅಂದಳು: “ಒಂದ ಹೆಂಗಾದೀತ್ರಿ ಸಾಹೇಬ್ರ? ನಾವು ಎಲ್ಲಾರೂ ಕೂಡಿ ತಿರಗತೀವಿ.”

ಮಜ್ಜಿಗೆಯ ಲೋಟ ಕೆಳಗಿಟ್ಟೆ. ಆ ಹೆಣ್ಣುಮಗಳು ಚುಚ್ಚಬೇಕೆಂದು ಅಂದದ್ದಲ್ಲ, ಇದ್ದದ್ದನ್ನು ಅಂದಳು. ಹೊರಡುವಾಗ ಅವರು ಒಲೆ, ಕೂಸು, ಕೋಳಿ, ಕುದುರೆ ಎಲ್ಲ ಕಟ್ಟಿಕೊಂಡೇ ಹೊರಡುತ್ತಾರೆ. ಬಿಟ್ಟು ಹೋಗಲು ಅವರ ಹತ್ತಿರ ಮನೆಯೇ ಇಲ್ಲ.

ನಾನು ನಾಯಿಗೆ ಹಗ್ಗ ಕೇಳಿದೆ. ಮಾಳಪ್ಪ ಕೊಡಲಿಲ್ಲ.

“ಹಗ್ಗ ಹಾಕೂದಿಲ್ರಿ. ನಮ್ಮ ಮನಿತನದಾಗ ಅಣ್ಣತಮ್ಮರು ಬ್ಯಾರಿ ಆದಾಗ ಕುರಿ ಎಣಿಸಿ ಹಂಚಕೋತೀವಿ, ನಾಯಿ ಹೆಂಗ ಹಂಚೂದು? ಒಬ್ಬಾಂವ ಆ ಕಡೆ ನಡೀತಾನ, ಒಬ್ಬಾಂವ ಈ ಕಡೆ ನಡೀತಾನ. ಕರಿಯಂಗಿಲ್ಲ, ತಿರುಗಿ ನೋಡಂಗಿಲ್ಲ. ಅದು ಯಾರ ಹಿಂದ ಬರತೈತಿ, ಅವರದು.”

ಆಗಬಹುದು ಎನ್ನದೆ ಬೇರೆ ದಾರಿಯೇನಿತ್ತು? ಐದು ತಿಂಗಳು ಅನ್ನ ಹಾಕಿದವರು ಅವರು. ಮಾಳಪ್ಪ ಬೀರಪ್ಪನ ಹೆಸರು ಹೇಳಿ ಮೋತಿಯ ಹಣೆಗೆ ಅರಿಶಿನದ ಭಂಡಾರ ಹಚ್ಚಿದ. ಹೊರಡಲೆಂದು ನಾನು ಬ್ಯಾಗು ಎತ್ತಿಕೊಳ್ಳಲು ಹೋದೆ.

“ಅಪ್ಪಾ, ಅದನ್ನ ನನ್ನ ಕಡೆ ಕೊಡು” ಎಂದಳು ಗಿರಿಜಾ.

“ವಜ್ಜಿ ಐತಿ.”

“ಇರಲಿ. ನಿನ್ನ ಹೆಗಲ ಮ್ಯಾಲ ನೋಡಿದ್ರ ಅದು ಬರಂಗಿಲ್ಲ.”

ಎರಡೂ ಕೈಯಿಂದ ಬ್ಯಾಗನ್ನು ಎದೆಗೆ ಅವಚಿಕೊಂಡು ನಡೆದಳು. ನಾನು ಪಕ್ಕದಲ್ಲಿ. ಹಿಂದೆ ಮಾಳಪ್ಪ ಕುರಿಗಳನ್ನು ಹೊಳೆಯ ಕಡೆ ಹೊಡೆಯುವ ಸದ್ದು, ಸದ್ದು ದೂರವಾಗುವುದು. ಗಿರಿಜಾ ತಿರುಗಿ ನೋಡಲಿಲ್ಲ. ನಾನು ಮಾತ್ರ ಎರಡು ಸಲ ನೋಡಲು ಹೋಗಿ ಅವಳ ಮುಖ ನೋಡಿ ಸುಮ್ಮನಾದೆ. ಇಂಥ ಅಂಜಿಕೆ ನನಗೆ ಪರೀಕ್ಷೆಯ ರಿಸಲ್ಟಿಗೂ ಆಗಿರಲಿಲ್ಲ. ಈ ನಾಯಿ ಬರದಿದ್ದರೆ ಮಗಳಿಗೆ ಕೊಡಲು ನನ್ನ ಹತ್ತಿರ ಇನ್ನೇನಿತ್ತು? ಇನ್ನೊಂದು ‘ಬರೋ ವಾರ’ವೇ?

ಹೊಲದ ಅಂಚಿನ ಜಾಲಿಗಿಡದ ತನಕ ಬಂದೆವು. ಏನೂ ಇಲ್ಲ. ರಸ್ತೆ ಕಾಣತೊಡಗಿತು. ಏನೂ ಇಲ್ಲ. ಆಮೇಲೆ ಹಿಂದೆ ಒಣ ದಂಟು ಮುರಿಯುವ ಸದ್ದು, ಏದುಸಿರು. ಗಿರಿಜಾಳ ಕಾಲಿಗೆ ಮೂಗು ತಾಗಿತು. ಅವಳು ಬ್ಯಾಗು ಕೆಳಗೆ ಬಿಟ್ಟು ಅಲ್ಲಿಯೇ ಮಣ್ಣಿನಲ್ಲಿ ಕೂತು, ನಾಯಿಯ ಕೊರಳು ತಬ್ಬಿ, ಐದು ತಿಂಗಳಿಂದ ಅಳದಿದ್ದುದನ್ನೆಲ್ಲ ಅತ್ತಳು.

“ಕೂಸಿನ ಹಿಂದ ಬಂತ್ರಿ ಸಾಹೇಬ್ರ!” ದೂರದಿಂದ ಮಾಳಪ್ಪ ಕೂಗಿದ. “ನಿಮ್ಮ ಹಿಂದಲ್ಲ!”

ಗೊತ್ತಪ್ಪ, ಗೊತ್ತು.

ವಾಪಸ್ ಬರುವಾಗ ಬಸ್ಸಿನ ಕಂಡಕ್ಟರು ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದ. ಆಮೇಲೆ ನನ್ನ ಗುರುತು ಹಿಡಿದು, ಬಾಗಲಕೋಟೆಯ ತನಕ ತನ್ನ ಎಮ್ಮೆ ಹಾಲು ಬಿಡದಿರುವ ಕಥೆ ಹೇಳಿದ. ರಜೆಯ ದಿನವೂ ಡ್ಯೂಟಿ ತಪ್ಪಲಿಲ್ಲ. ಶನಿವಾರ, ರವಿವಾರ ನಾನು ಮನೆಯಲ್ಲೇ ಇದ್ದೆ. ಮೂವರೂ ಒಟ್ಟಿಗೆ ಉಂಡೆವು. ಇದನ್ನು ದೊಡ್ಡ ಸುದ್ದಿಯಂತೆ ಬರೆಯುತ್ತಿದ್ದೇನೆ ನೋಡಿ, ಎಂಥ ಬದುಕು!

ಸೋಮವಾರ ಬೆಳಿಗ್ಗೆ ಹುನಗುಂದದ ಬಸ್ಸಿಗೆ ಹೊತ್ತಾಗಿತ್ತು. ಗೂಟದಿಂದ ಬ್ಯಾಗು ಇಳಿಸಿದೆ. ಮೋತಿ ಮಂಚದ ಕೆಳಗೆ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಮೈ ಕೊಡವಿ ಎದ್ದು, ಲಗುಬಗೆಯಿಂದ ಬಂದು ಬಾಗಿಲಲ್ಲಿ ನಿಂತಿತು. ಹಣೆಯ ಮೇಲೆ ಭಂಡಾರ ಇನ್ನೂ ಹಳದಿಯಾಗಿತ್ತು. ಬಾಲ ಅಲ್ಲಾಡುತ್ತಿತ್ತು. ಪರವಾಗಿಲ್ಲವೇ, ಐದು ತಿಂಗಳಲ್ಲಿ ಬುದ್ಧಿ ಕಲಿತಿದೆ ಎಂದು ನನಗೆ ಖುಷಿಯಾಯಿತು.

ಅಷ್ಟರಲ್ಲಿ ಅದು ಹಿಂದೆ ತಿರುಗಿ ನೋಡಿತು. ಶಾರದಾ ಒಲೆಯ ಮುಂದೆಯೇ ಇದ್ದಳು. ಗಿರಿಜಾ ಕನ್ನಡಿಯ ಮುಂದೆ ಹೆರಳು ಹಾಕಿಕೊಳ್ಳುತ್ತಿದ್ದಳು. ಮೋತಿ ಒಳಗೆ ಓಡಿತು. ಗಿರಿಜಾಳ ಲಂಗ ಹಿಡಿದು ಎಳೆಯಿತು. ಶಾರದಾಳ ಕಾಲಿಗೆ ಮೂಗು ತಿವಿಯಿತು. ಬಾಗಿಲಿಗೆ ಬಂದು ನನ್ನನ್ನು ನೋಡಿ, ಮತ್ತೆ ಅವರಿಬ್ಬರ ಹಿಂದೆ ಹೋಗಿ ಸುತ್ತು ಹಾಕಿ ಬೊಗಳಿತು.

“ಅವ್ವಾ, ನಮ್ಮನ್ನ ಕುರಿ ಹೊಡದಂಗ ಹೊಡ್ಯಾಕತ್ತೈತಿ!” ಎಂದು ಗಿರಿಜಾ ಬಿದ್ದು ಬಿದ್ದು ನಕ್ಕಳು. ಶಾರದಾಳೂ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಹೋಗ್ರಿ, ಬಸ್ಸು ತಪ್ಪೀತು” ಎಂದಳು. ನಾನು ನಾಯಿಯನ್ನು ಕಾಲಿನಿಂದ ಒಳಗೆ ತಳ್ಳಿ ಬಾಗಿಲೆಳೆದುಕೊಂಡೆ. ಓಣಿಯ ತಿರುವಿನ ತನಕ ಅದರ ಬೊಗಳು ಕೇಳುತ್ತಿತ್ತು. ನನ್ನ ಮೇಲಲ್ಲ. ಲಗೂನ ಹೊರಡಿ ಎಂದು ಅವರಿಬ್ಬರ ಮೇಲೆ.

ಇದನ್ನು ಬರೆಯುತ್ತಿರುವುದು ಹುನಗುಂದದ ಐ.ಬಿ.ಯಲ್ಲಿ ಕೂತು. ಹಾಳೆಯ ಮೂಲೆಯಲ್ಲಿ ಕೈ ತಾನಾಗಿಯೇ ‘ಕ್ಯಾಂಪ್: ಹುನಗುಂದ’ ಎಂದು ಬರೆದಿದೆ. ಈ ಸಲ ತಪ್ಪಿಲ್ಲ. ದಣಿದಿದ್ದೇನೆ, ಹೆಚ್ಚು ಹೇಳುವ ತ್ರಾಣವಿಲ್ಲ, ಒಂದೇ ಮಾತು ಕೇಳಿ ಮುಗಿಸುತ್ತೇನೆ.

ಬ್ಯಾಗು ಎತ್ತಿದರೆ ಮನೆಮಂದಿಯೆಲ್ಲ ಹೊರಡುತ್ತಾರೆಂದು ಕಲಿತು ಬಂದ ನಾಯಿಗೆ, ನಮ್ಮ ಮನೆಯಲ್ಲಿ ಹಾಗಿಲ್ಲ ಎಂದು ಹೇಳುವವರು ಯಾರು?