ಹೊಲಿಗೆ ಅಕ್ಕೋರ ಕಾದಂಬರಿ

ಹೊಲಿಗೆ ಅಕ್ಕೋರ ತುಟಿಗಳ ನಡುವೆ ಸದಾ ನಾಲ್ಕಾರು ಗುಂಡುಸೂಜಿಗಳಿರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರು, ಬೈಯುತ್ತಿದ್ದರು, ನಗುತ್ತಿದ್ದರು. ಒಂದು ಸೂಜಿಯೂ ಕೆಳಗೆ ಬಿದ್ದದ್ದನ್ನು ನಾನು ಕಂಡಿಲ್ಲ. ನಾವು ಓದುತ್ತಿದ್ದ ಕಾದಂಬರಿಯ ನಾಯಕಿಗೆ ಕಷ್ಟ ಬಂದಾಗ ಮಾತ್ರ ಅವನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಳ್ಳುತ್ತಿದ್ದರು. ಅಕ್ಕೋರು ಇನ್ನು ಅಳುತ್ತಾರೆ ಅಂತ ನಮಗೆ ಆಗ ಗೊತ್ತಾಗುತ್ತಿತ್ತು.

ಎಪ್ಪತ್ತರ ದಶಕದ ಸಿರುಗುಪ್ಪದಲ್ಲಿ ಅವರು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದರಿಂದ ಅವರ ಅನ್ನ ಅದರಿಂದಲೇ ಹುಟ್ಟಬೇಕಿತ್ತು. ಬಾಡಿಗೆ ಮನೆಯ ಪಡಸಾಲೆಯಲ್ಲಿ ಮೂರು ಮಷಿನ್ನು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನಾವು ಆರು ಜನ ಮಧ್ಯಾಹ್ನ ಮೂರಕ್ಕೆ ಹೋಗುತ್ತಿದ್ದೆವು. ಹೊಲಿಗೆ ಕಲಿಯಲಿಲ್ಲ ಅಂತ ಹೇಳಿದರೆ ನಾಲಿಗೆ ಬಿದ್ದುಹೋದೀತು, ಇವತ್ತಿಗೂ ನನ್ನ ರವಿಕೆ ನಾನೇ ಕತ್ತರಿಸಿಕೊಳ್ಳುತ್ತೇನೆ. ಆದರೆ ನಾಲ್ಕು ಹೊಡೆದ ಮೇಲೆ ನಮ್ಮ ಜೀವವೆಲ್ಲ ಕಾದಂಬರಿಯಲ್ಲಿ.

ಪುಸ್ತಕ ತರುತ್ತಿದ್ದವಳು ನಾನೇ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದ ನನ್ನ ಚಿಕ್ಕಮ್ಮ ಬಾಡಿಗೆ ಪುಸ್ತಕದ ಅಂಗಡಿಯ ಸದಸ್ಯೆ. ಅವಳಿಂದ ಇಸಿದುಕೊಂಡು ರವಿಕೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದೆ. ಹದಿನೇಳು ವರ್ಷದ ನಾಯಕಿ, ಅವಳಿಗೊಂದು ವಾಸಿಯಾಗದ ಕಾಯಿಲೆ, ಅದು ಗೊತ್ತಿಲ್ಲದ ಒಬ್ಬ ಕಾಲೇಜು ಹುಡುಗ. ಇಷ್ಟಿದ್ದರೆ ನಮಗೆ ಸಾಕು, ಹಸಿವೂ ಆಗುತ್ತಿರಲಿಲ್ಲ. ದೇಶನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಗೆಳತಿಯಂತೂ ಒಮ್ಮೆ ನಾಯಕಿ ಬದುಕಲಿ ಅಂತ ಹನುಮಪ್ಪನಿಗೆ ಕಾಯಿ ಹರಕೆ ಹೊತ್ತಳು. ನಾನು ಬಿದ್ದು ಬಿದ್ದು ನಕ್ಕೆ. "ಹುಚ್ಚಿ, ಅದು ಯಾವಾಗೋ ಅಚ್ಚಾಗೇತಿ. ಹನುಮಪ್ಪ ಏನ್ ಮಾಡ್ಯಾನು?"

ಅಕ್ಕೋರು ನನ್ನನ್ನೇ ಗದರಿಸಿದರು. "ಅಚ್ಚಾದ್ರ ಏನಾತು? ನಾವಿನ್ನೂ ಓದಿಲ್ಲಲ್ಲ. ನಾವು ಓದೋತನ ಆಕಿ ಬದುಕೇ ಇರ್ತಾಳ. ಬೇಡಿಕೊಳ್ಳಲಿ ಬಿಡು."

ಅವರ ಕಟ್ಟಳೆ ಎರಡೇ. ಒಂದು, ಬಟ್ಟೆಯ ಮೇಲೆ ಅಳಬಾರದು: "ರೇಷ್ಮಿಗೆ ಕಲೆ ಬಿದ್ರ ಹೋಗಂಗಿಲ್ಲ." ಇನ್ನೊಂದು, ಒಬ್ಬಳು ಓದುವಾಗ ಇನ್ನೊಬ್ಬಳು ಮಷಿನ್ ತುಳಿಯುತ್ತಲೇ ಇರಬೇಕು. ಮಷಿನ್ನಿನಲ್ಲಿ ದಾರ ಬೇಡ, ಬಟ್ಟೆ ಬೇಡ, ಸದ್ದು ಇದ್ದರೆ ಸಾಕು. ಹಾದಿಯಲ್ಲಿ ಹೋಗುವವರಿಗೆ ಹೊಲಿಗೆ ಭರದಿಂದ ಸಾಗಿದೆ ಅನ್ನಿಸಬೇಕು. ದಿನಕ್ಕೊಬ್ಬಳ ಪಾಳಿ.

ನಮ್ಮಪ್ಪ ರೈಸ್ ಮಿಲ್ಲಿನಲ್ಲಿ ಗುಮಾಸ್ತರು. ಕಾದಂಬರಿ ಅಂದರೆ ಅವರಿಗೆ ಹಾವು ತುಳಿದಂತಾಗುತ್ತಿತ್ತು. ಆ ವರ್ಷ ಅಮ್ಮ ತಿಂಗಳುಗಟ್ಟಲೆ ಗೋಗರೆದು, ನನ್ನನ್ನು ಚಿಕ್ಕಮ್ಮನ ಮನೆಯಲ್ಲಿಟ್ಟು ಪಿಯುಸಿ ಓದಿಸಲು ಅವರನ್ನು ಒಪ್ಪಿಸಿದ್ದಳು. ಒಪ್ಪಿಗೆಯ ಜೊತೆಗೆ ಒಂದು ಮಾತನ್ನೂ ಸೇರಿಸಿದ್ದರು. "ನೀನಾಗ್ಲಿ ನಿಮ್ಮ ಚಿಕ್ಕಮ್ಮ ಆಗ್ಲಿ ಕಾದಂಬರಿ ಮುಟ್ಟಿದ್ದು ನನ್ನ ಕಣ್ಣಿಗೆ ಬಿತ್ತೋ, ಕಾಲೇಜಿನ ಮಾತು ಅಲ್ಲಿಗೆ ಮುಗೀತು. ಗಂಡು ನೋಡ್ತೀನಿ." ಅಪ್ಪ ಆಡಿದ ಮಾತಿಗೆ ತಪ್ಪುವವರಲ್ಲ. ಅರ್ಜಿಗೆ ಅವರ ಸಹಿ ಇನ್ನೂ ಬಿದ್ದಿರಲಿಲ್ಲ.

ಆ ಶನಿವಾರ ನಾನು ಓದುತ್ತಿದ್ದೆ. ನಾಯಕಿ ಆಸ್ಪತ್ರೆಯ ಮಂಚದ ಮೇಲೆ ಕೂತು ಆ ಹುಡುಗನಿಗೆ ಪತ್ರ ಬರೆಯುತ್ತಿದ್ದಳು. ಅಕ್ಕೋರ ಸೂಜಿಗಳೆಲ್ಲ ಸೆರಗಿಗೆ ಹೋಗಿದ್ದವು. ಮಷಿನ್ ತುಳಿಯುವ ಪಾಳಿ ದೇಶನೂರಿನವಳದು. ಅವಳ ಕಾಲು ಯಾವಾಗ ನಿಂತಿತೋ ಅವಳಿಗೇ ಗೊತ್ತಿಲ್ಲ, ನಮಗ್ಯಾರಿಗೂ ಗೊತ್ತಿಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ಅಪ್ಪ! ಕೈಯಲ್ಲಿ ಕಾಲೇಜಿನ ಅರ್ಜಿ. ಬಳ್ಳಾರಿಗೆ ಹೊರಟವರೊಬ್ಬರ ಕೈಯಲ್ಲಿ ಕಳಿಸಬೇಕೆಂದು ನನ್ನ ಸಹಿಗಾಗಿ ಮಿಲ್ಲಿನಿಂದ ನೇರ ಬಂದಿದ್ದರು.

ಅಪ್ಪ ನಮ್ಮ ಅತ್ತ ಮುಖಗಳನ್ನು ನೋಡಿದರು. ಮಷಿನ್ನನ್ನು ನೋಡಿದರು. "ಇದೆಂಥ ಹೊಲಿಗಿರೀ ಅಕ್ಕೋರ? ಮಷಿನ್ನಾಗ ದಾರಾನ ಇಲ್ಲ."

ನನ್ನ ತೊಡೆಯ ಮೇಲಿದ್ದ ಪುಸ್ತಕವನ್ನು ಅಕ್ಕೋರು ಆಗಲೇ ಎಳೆದುಕೊಂಡಿದ್ದರು. "ಹುಡುಗ್ಯಾರದು ತಪ್ಪಿಲ್ರೀ ಅಣ್ಣಾರ. ಪುಸ್ತಕ ನಂದು. ನನ್ನ ಕಣ್ಣಿಗೆ ಅಕ್ಷರ ಹತ್ತಂಗಿಲ್ಲ, ಅದಕ್ಕ ನಿಮ್ಮ ಮಗಳ ಕೈಲೆ ಓದಿಸಿದೆ. ಒಲ್ಲೆ ಅಂದ್ಳು. ನಾನ ಬೈದು ಓದಿಸಿದೆ."

"ಕೊಡ್ರಿ ಇಲ್ಲಿ. ಎಂಥದ್ದು ಓದಿಸ್ತೀರಿ ನೋಡೋಣು."

ಪುಸ್ತಕದ ಮೊದಲ ಹಾಳೆಯಲ್ಲೇ ಅಂಗಡಿಯವನು ಚಿಕ್ಕಮ್ಮನ ಹೆಸರು, ಮನೆ ನಂಬರು ಬರೆದಿದ್ದ. ಅಪ್ಪ ರಟ್ಟು ತೆರೆದರೆ ನನ್ನ ಕಥೆ ಮುಗಿದಂತೆ. ಅದು ಅಕ್ಕೋರಿಗೂ ಗೊತ್ತಿತ್ತು.

"ಕೊಡಂಗಿಲ್ರೀ," ಅಂದರು.

ಊರಲ್ಲಿ ಯಾರೂ ಅಪ್ಪನಿಗೆ ಹಾಗೆ ಅಂದವರಿಲ್ಲ. ಅವರ ಮುಖ ಕೆಂಪಾಯಿತು. "ಕೊಡ್ಲಿಲ್ಲಂದ್ರ ನಾಳಿಂದ ಒಂದು ಹುಡುಗಿನೂ ನಿಮ್ಮ ಹೊಸ್ತಲ ತುಳಿಯಂಗಿಲ್ಲ, ನೋಡ್ರಿ ಮತ್ತ."

ಅಕ್ಕೋರು ಪುಸ್ತಕವನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿಕೊಂಡರು. "ನಿಮ್ಮ ಇಷ್ಟ ರೀ," ಅಂದರು.

ಅಪ್ಪ ನನ್ನ ಕಡೆ ತಿರುಗಿದರು. "ಹೌದೇನು? ಇವ್ರ ಒತ್ತಾಯ ಮಾಡಿ ಓದಿಸಿದ್ರೇನು?"

ನಾನು ಹೌದೆಂದು ತಲೆ ಆಡಿಸಿದೆ.

ಅಪ್ಪ ಅರ್ಜಿಯನ್ನು ಮಷಿನ್ನಿನ ಹಲಗೆಯ ಮೇಲಿಟ್ಟು ಅಲ್ಲೇ ಸಹಿ ಹಾಕಿದರು. ಇಂಥ ಕಡೆ ಬಿಡುವುದಕ್ಕಿಂತ ಬಳ್ಳಾರಿಯೇ ವಾಸಿ ಅಂದುಕೊಂಡಿರಬೇಕು. ನಾನೂ ಸಹಿ ಹಾಕಿದೆ. ಎಂಟು ದಿನದಲ್ಲಿ ಕ್ಲಾಸು ಖಾಲಿಯಾಯಿತು, ರವಿಕೆ ಹೊಲಿಯಲು ಕೊಡುವವರೂ ನಿಂತರು. ನಾನು ಬಳ್ಳಾರಿ ಬಸ್ಸು ಹತ್ತಿದ ತಿಂಗಳಲ್ಲೇ ಅವರು ಒಂದು ಮಷಿನ್ ಉಳಿಸಿಕೊಂಡು ಕುರುಗೋಡಿನ ತಮ್ಮನ ಮನೆ ಸೇರಿದರು.

ನಾನು ಓದಿದೆ, ಬಳ್ಳಾರಿಯಲ್ಲೇ ಉಪನ್ಯಾಸಕಿಯಾದೆ. ಅಪ್ಪ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು: "ಆ ಹೊಲಿಗಿ ಕಲಿಸಾಕಿ ಹುಡುಗ್ಯಾರ್ನ ಕೆಡಿಸ್ತಿದ್ಳು. ನಾನು ಹೊತ್ತಿಗೆ ಸರಿಯಾಗಿ ಹೋದೆ, ನನ್ನ ಮಗಳು ಉಳಿದ್ಳು." ನಾನು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದೆ. ಬಾಯಿ ಬಿಡುತ್ತಿರಲಿಲ್ಲ. ಮೊದಲು ಓದು ನಿಲ್ಲುತ್ತದೆಂಬ ಹೆದರಿಕೆ, ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದಾರೆಂಬ ನಾಚಿಕೆ.

ಹತ್ತು ವರ್ಷದ ಮೇಲೆ ಧೈರ್ಯ ಮಾಡಿ ಕುರುಗೋಡಿಗೆ ಹೋದೆ. ಅಕ್ಕೋರು ಸೊರಗಿದ್ದರು. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತೇನೆಂದು ಕೇಳಿ ನನ್ನ ಕೆನ್ನೆ ಸವರಿದರು. ನಾನು ಅಳುತ್ತ ತಪ್ಪಾಯಿತೆಂದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ನಿಮ್ಮಪ್ಪಗ ಹೇಳಿದೇನು?"

"ಇಲ್ರೀ."

ಕೆನ್ನೆಯ ಮೇಲಿನ ಕೈ ತೆಗೆದು ಅಂದರು: "ಹಂಗಾರ ಸಿರುಗುಪ್ಪದಾಗ ನಾನಿನ್ನೂ ಕೆಟ್ಟಾಕಿನ."

ಹೇಳುತ್ತೇನೆಂದು ಅವರ ಕೈ ಹಿಡಿದು ಮಾತು ಕೊಟ್ಟೆ. ಯುಗಾದಿಗೆ ಊರಿಗೆ ಹೋದಾಗ ಹೇಳೋಣವೆಂದುಕೊಂಡೆ. ಹಬ್ಬದ ದಿನ ಬೇಡವೆನಿಸಿತು. ಬೇಸಿಗೆ ರಜೆಯಲ್ಲಿ ಅಪ್ಪನಿಗೆ ಮೈ ಸರಿಯಿರಲಿಲ್ಲ. ನೆವಗಳಿಗೇನು ಬರ.

ಆಷಾಢದಲ್ಲಿ ಕುರುಗೋಡಿನಿಂದ ಅವರ ತಮ್ಮನ ಕಾರ್ಡು ಬಂತು. ಅದನ್ನು ಕೈಚೀಲದಲ್ಲಿಟ್ಟುಕೊಂಡು ಅವತ್ತೇ ಸಿರುಗುಪ್ಪಕ್ಕೆ ಹೋದೆ. ಪುಸ್ತಕ ತಂದವಳು ಯಾರು, ಮೊದಲ ಹಾಳೆಯಲ್ಲಿ ಏನಿತ್ತು, ಅವರು ಯಾಕೆ ಕೊಡಲಿಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಪ್ಪ ಬೈಯುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು.

"ಇಷ್ಟು ವರ್ಷ ನನ್ನ ಬಾಯಿಲೆ ಆ ತಾಯಿ ಹೆಸರು ಕೆಡಿಸಿದೆನಲ್ಲವಾ," ಅಂದರು. ಎದ್ದು ಗೂಟದ ಮೇಲಿನ ಅಂಗಿ ತೆಗೆದು ತೋಳು ಹಾಕಿಕೊಳ್ಳತೊಡಗಿದರು. "ಕುರುಗೋಡಿಗೆ ಬಸ್ಸು ಎಷ್ಟು ಗಂಟೆಗೈತಿ? ನಡಿ, ಆಕಿ ಕಾಲಿಗೆ ಬಿದ್ದು ಬರ್ತೀನಿ."

ಅಕ್ಕೋರ ತಿಥಿಯ ದಿನ ತಿಳಿಸಿದ್ದ, ಕೈಚೀಲದೊಳಗಿನ ಕಾರ್ಡನ್ನು ನಾನಿನ್ನೂ ಅವರಿಗೆ ತೋರಿಸಿರಲಿಲ್ಲ.