ಮುಂದಕ್ಕೆ ಹಾಕುವ ಮಾತ್ರೆ

ಪೂಜೆ ಗೊತ್ತಾದ ಕೂಡಲೇ ಹೆಂಗಸರು ಬೆರಳು ಮಡಚಿ ದಿನ ಎಣಿಸುವುದು ನಮ್ಮ ಕಡೆ ಹೊಸದಲ್ಲ. ಎಣಿಕೆ ಅಡ್ಡ ಬಂದರೆ ಔಷಧಿ ಅಂಗಡಿಯಲ್ಲಿ ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ಸಿಗುತ್ತಿತ್ತು. ಡಾಕ್ಟರ ಚೀಟಿ ಬೇಡ, ಯಾರಿಗೆ ಎಂದು ಅಂಗಡಿಯವನು ಕೇಳುತ್ತಲೂ ಇರಲಿಲ್ಲ. ನಾನೂ ಎಷ್ಟೋ ವ್ರತಗಳಿಗೆ ನುಂಗಿದ್ದೆ, ದೇವರ ಕೆಲಸವೆಂದು.

ಎಂಬತ್ತರ ದಶಕದ ನಡುವೆ ನನ್ನ ಎದೆಯಲ್ಲಿ ಕ್ಯಾನ್ಸರ್ ಗಂಟು ಕಾಣಿಸಿತು. ಬೆಂಗಳೂರಿನಲ್ಲಿ ತೆಗೆದರು. ಆಮೇಲೆ ದಿನಾ ಮಾತ್ರೆ, ವರ್ಷಗಟ್ಟಲೆ. ತುಮಕೂರಿನಲ್ಲಿ ನನ್ನನ್ನು ನೋಡುತ್ತಿದ್ದ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಮೈಯಲ್ಲಿರೋ ಹಾರ್ಮೋನು ಆ ಕಾಯಿಲೆಗೆ ಗೊಬ್ಬರ ಇದ್ದಂಗೆ. ಅದನ್ನ ಈ ಮಾತ್ರೆ ತಡೆಯುತ್ತೆ. ದಿನಾ ಒಂದೇ ಹೊತ್ತಿಗೆ ತಗೊಳ್ಳಿ, ನೀವಾಗೇ ನಿಲ್ಲಿಸ್ಬೇಡಿ. ಕಾಲು ಊದಿದ್ರೆ, ಉಸಿರು ಕಟ್ಟಿದ್ರೆ, ರಕ್ತ ಜಾಸ್ತಿ ಹೋದ್ರೆ ಕಾಯಬೇಡಿ, ಓಡಿ ಬನ್ನಿ. ಬೇರೆ ಯಾವ ಮಾತ್ರೆನೂ ನನ್ನ ಕೇಳ್ದೆ ನುಂಗ್ಬೇಡಿ."

ನಮ್ಮ ಯಜಮಾನರು ಹೇಳಿದ್ದು ಬೇರೆ. "ಮಗಳ ಮದುವೆ ಆಗೋವರ್ಗೂ ಕಾಯಿಲೆ ಹೆಸರು ಎತ್ಬೇಡ ಕಣೇ." ಹಾಗಾಗಿ ಗುಬ್ಬಿಯ ಅತ್ತೆಮನೆಯಲ್ಲಿ ಅದು ಬರೀ ಗಡ್ಡೆ, ದಿನಾ ಬೆಳಿಗ್ಗೆ ಎಂಟಕ್ಕೆ ನುಂಗುವುದು ರಕ್ತ ಹೆಚ್ಚಿಸುವ ಮಾತ್ರೆ. ಒಪ್ಪಿಕೊಂಡ ನನಗೆ ಬುದ್ಧಿ ಎಲ್ಲಿತ್ತೋ!

ಆ ವರ್ಷ ಗುಬ್ಬಿಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ಹಿರಿಸೊಸೆಯಾದ ನಾನು ಪ್ರಸಾದದ ರವೆ ಸಿಹಿ, ಸಪಾದ ಭಕ್ಷ್ಯ ಮಾಡಬೇಕು. ಮಾತ್ರೆ ಶುರುವಾದ ಮೇಲೆ ನನ್ನ ಮುಟ್ಟಿಗೆ ತಿಥಿ ವಾರ ಒಂದೂ ಇರಲಿಲ್ಲ. ಕುಣಿಗಲ್‌ನಿಂದ ಬಂದ ನಾದಿನಿ ಬ್ಯಾಗಿನಿಂದ ಮಾತ್ರೆಪಟ್ಟಿ ತೆಗೆದಳು.

"ಅತ್ತಿಗೆ, ಇವತ್ತಿಂದ್ಲೇ ಶುರು ಮಾಡಿ. ನಿಮ್ದಂತೂ ಹೇಳ್ದೆ ಕೇಳ್ದೆ ಬರೋ ನೆಂಟರು!"

ಎಲ್ಲರೂ ನಕ್ಕರು. ನಾನೂ ನಕ್ಕು, ನೀರು ಕುಡಿದು ನುಂಗಿಬಿಟ್ಟೆ. ಲೋಟ ಕೆಳಗಿಡುವಾಗ ಡಾಕ್ಟರಮ್ಮನ ಮಾತು ನೆನಪಾಯಿತು. ಉಳಿದ ಪಟ್ಟಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಯಾರಿಗೂ ಹೇಳದೆ ತುಮಕೂರಿನ ಬಸ್ ಹತ್ತಿದೆ.

ಡಾಕ್ಟರಮ್ಮ ಪಟ್ಟಿ ನೋಡಿದವರೇ ಕನ್ನಡಕ ತೆಗೆದರು. "ಇದೂ ಹಾರ್ಮೋನೇ ಕಣಮ್ಮ! ನಾವು ಬಾಗಿಲು ಹಾಕ್ತಿದ್ರೆ ನೀವು ಹಿತ್ತಲಿಂದ ಕರ್ಕೊಂಡು ಬರ್ತಿದೀರಾ? ಎಷ್ಟು ನುಂಗಿದ್ರಿ?"

"ಒಂದು."

"ದೇವ್ರು ದೊಡ್ಡೋನು. ಒಂದಕ್ಕೆ ಏನೂ ಆಗಲ್ಲ, ಹೆದರ್ಬೇಡಿ. ಇನ್ನೊಂದು ಮುಟ್ಬೇಡಿ. ನಿಮ್ಮ ಮಾತ್ರೆ ಮಾತ್ರ ಬಿಡ್ಬೇಡಿ. ಮನೇಲಿ ಒಬ್ರಿಗಾದ್ರೂ ಕಾಯಿಲೆ ಹೆಸರು ಹೇಳಿದೀರಾ?"

"ಯಜಮಾನ್ರಿಗೆ ಬಿಟ್ರೆ ಯಾರಿಗೂ ಇಲ್ಲ."

ಗುಬ್ಬಿಗೆ ಮರಳಿದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಪೂಜೆ ಮನೆ ಬಿಟ್ಟು ಎಲ್ಲಿಗ್ ಹೋಗಿದ್ಯೇ?" ಯಜಮಾನರು ಕಣ್ಣಲ್ಲೇ ಬೇಡ ಎಂದರು. ಆ ಕಣ್ಣಸನ್ನೆ ಕಂಡೇ ನನಗೆ ಮೈ ಉರಿದದ್ದು.

"ನಂಗಿರೋದು ಕ್ಯಾನ್ಸರ್ ಅತ್ತೆ. ನಾನು ದಿನಾ ನುಂಗೋದು ರಕ್ತದ ಮಾತ್ರೆ ಅಲ್ಲ. ನಿಮ್ಮ ಮಗಳು ಕೊಟ್ಟಿದ್ದನ್ನ ಇನ್ನು ನಾನು ನುಂಗಲ್ಲ. ಪೂಜೆ ದಿನ ಹೊರಗಾದ್ರೆ ಹೊರಗೆ ಕೂರ್ತೀನಿ."

ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ಪಾಪ, ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಯಜಮಾನರು ಉಗುರು ನೋಡುತ್ತಾ ನಿಂತಿದ್ದರು. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಪೂಜೆಯ ಬೆಳಗಿನ ಜಾವವೇ ಹೊರಗಾದೆ. ಹಿತ್ತಲ ಜಗಲಿಯಲ್ಲಿ ಕೂತು ಗಂಟೆಯ ಸದ್ದಿಗೆ ಕೈಮುಗಿದೆ. ಭಕ್ಷ್ಯದ ತುಪ್ಪದ ವಾಸನೆ ಬರುತ್ತಿತ್ತು. ರವೆ ಸ್ವಲ್ಪ ಸೀದಿತ್ತು, ನಾನಿದ್ದರೆ ಸೀಯುತ್ತಿರಲಿಲ್ಲ.

ಬಾಗಿಲು ತುಸು ತೆರೆಯಿತು. ಅತ್ತೆ. ಮುಖದಲ್ಲಿ ನಗುವಿಲ್ಲ. ಒಂದು ಲೋಟ ನೀರನ್ನೂ ನನ್ನ ದಿನದ ಮಾತ್ರೆಯನ್ನೂ ದೂರದಲ್ಲಿಟ್ಟು ಸರಿದು ನಿಂತರು.

"ಎಂಟು ಗಂಟೆ ಆಯ್ತು. ನಿನ್ ಮಾತ್ರೆ ನುಂಗು. ನೀನು ನುಂಗೋವರ್ಗೂ ನಾನು ಒಳಗೆ ಹೋಗಲ್ಲ."

ನುಂಗಿದೆ.